ಪಕ್ಕದ ಮನೆಯ ಗಂಡುಬೆಕ್ಕು, ನಮ್ಮ ಮನೆಯ ನಾಲ್ಕು ಮರಿ: ಹೊಣೆ ಯಾರದು?

ಪ್ರಶ್ನೆ: ನಾವು ಮೈಸೂರಿನ ಬಡಾವಣೆಯೊಂದರಲ್ಲಿ ಸ್ವಂತ ಮನೆಯಲ್ಲಿದ್ದೇವೆ. ನಮ್ಮ ಮೂರು ಬಣ್ಣದ ಹೆಣ್ಣುಬೆಕ್ಕು ಚಿನ್ನಿಗೆ ಇನ್ನೂ ಒಂದು ವರ್ಷ ತುಂಬಿಲ್ಲ. ಸಂಕ್ರಾಂತಿಯ ಸುಮಾರಿಗೆ ರಾತ್ರಿಯೆಲ್ಲ ಕೂಗುತ್ತಿತ್ತು. ತಾಳಲಾರದೆ ತಾರಸಿಗೆ ಬಿಟ್ಟೆವು. ಯುಗಾದಿಯ ಹೊತ್ತಿಗೆ ನಾಲ್ಕು ಮರಿ ಹಾಕಿತು. ಈಗ ಮರಿಗಳಿಗೆ ಮೂರು ವಾರ. ಪಕ್ಕದ ಮನೆಯವರ ಕೆಂಚು ಗಂಡುಬೆಕ್ಕೇ ತಂದೆ ಎಂಬುದರಲ್ಲಿ ನಮಗೆ ಸಂಶಯವಿಲ್ಲ, ಏಕೆಂದರೆ ಮರಿಗಳಲ್ಲಿ ಎರಡು ಅದರಂತೆಯೇ ಕೆಂಚು. ಆ ಎರಡೂ ಗಂಡು ಎಂದು ವೈದ್ಯರು ನೋಡಿ ಹೇಳಿದ್ದಾರೆ. ಉಳಿದೆರಡರಲ್ಲಿ ಒಂದು ಬೂದುಪಟ್ಟೆಯ ಹೆಣ್ಣು, ಇನ್ನೊಂದು ಕಪ್ಪು ಬಿಳುಪಿನ ಗಂಡು. ಆ ಬೆಕ್ಕಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ಎಂದು ಹಿಂದೆಯೇ ಕೇಳಿದ್ದೆವು. ಗಂಡುಪ್ರಾಣಿಗೆ ಹಾಗೆ ಮಾಡುವುದು ಪಾಪ ಎಂದರು. ಈಗ ಖರ್ಚಿನ ಮಾತೆತ್ತಿದರೆ, 'ನಿಮ್ಮ ಹೆಣ್ಣುಬೆಕ್ಕನ್ನು ನೀವು ಒಳಗಿಟ್ಟುಕೊಳ್ಳಬೇಕಿತ್ತು' ಎನ್ನುತ್ತಾರೆ. ಎರಡು ಮರಿಗಳನ್ನು ಅವರ ಕಾಂಪೌಂಡಿನೊಳಗೆ ಬಿಟ್ಟುಬರೋಣ ಎಂದು ನನ್ನ ಯಜಮಾನರು ಹೇಳುತ್ತಿದ್ದಾರೆ. ಒಂದು ಸಲ ಮರಿ ಹಾಕಿದ ಮೇಲೆಯೇ ಶಸ್ತ್ರಚಿಕಿತ್ಸೆ ಮಾಡಿಸಬೇಕು ಎಂದು ಅತ್ತೆ ಹೇಳಿದ್ದರಿಂದ ಕಾದಿದ್ದೆವು. ಬೆದೆ ನಿಲ್ಲಿಸುವ ಚುಚ್ಚುಮದ್ದು ಇದೆಯಂತೆ, ಅದು ಸಾಕೇ? ನಮ್ಮದು ಸಸ್ಯಾಹಾರಿ ಮನೆ, ಚಿನ್ನಿಗೆ ಹಾಲನ್ನ, ಮೊಸರನ್ನ ಹಾಕುತ್ತೇವೆ. ಮರಿಗಳ ಹೊಣೆ ನಿಜವಾಗಿ ಯಾರದು? ಎರಡು ದಿನದಿಂದ ಆ ಗಂಡುಬೆಕ್ಕು ಮತ್ತೆ ನಮ್ಮ ಕಿಟಕಿಯ ಹತ್ತಿರ ಬಂದು ಕೂರುತ್ತಿದೆ.

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಕೊನೆಯ ಸಾಲಿನ ಮೇಲೆ. ಯಾರ ತಪ್ಪು, ಯಾರ ಖರ್ಚು ಎಂಬ ಚರ್ಚೆ ಇನ್ನೊಂದು ವಾರ ನಡೆದರೂ ನಷ್ಟವಿಲ್ಲ. ಕಿಟಕಿಯ ಹತ್ತಿರ ಕೂತಿರುವ ಬೆಕ್ಕು ಮಾತ್ರ ಅಷ್ಟು ದಿನ ಕಾಯುವುದಿಲ್ಲ. ಮರಿಗಳಿಗೆ ಹಾಲು ಕುಡಿಸುತ್ತಿರುವ ತಾಯಿ ಮತ್ತೆ ಬೆದೆಗೆ ಬರುವುದಿಲ್ಲ ಎಂದು ಬಹಳ ಜನ ನಂಬಿದ್ದಾರೆ. ಅದು ಸರಿಯಲ್ಲ. ಸಾಮಾನ್ಯವಾಗಿ ಮರಿಗಳು ಹಾಲು ಬಿಟ್ಟ ಕೆಲವು ವಾರಗಳಲ್ಲಿ ಬೆದೆ ಮರಳುತ್ತದೆ, ಕೆಲವು ಬೆಕ್ಕುಗಳಲ್ಲಿ ಹಾಲು ಕುಡಿಸುತ್ತಿರುವಾಗಲೇ ಬರುತ್ತದೆ. ಹಗಲು ದೀರ್ಘವಾಗುತ್ತಿರುವ ತಿಂಗಳುಗಳು ಬೆಕ್ಕುಗಳು ಬೆದೆಗೆ ಬರುವ ಕಾಲ. ಹಗಲಿನ ಉದ್ದ ಹೆಚ್ಚೇನೂ ಬದಲಾಗದ ನಮ್ಮ ಕಡೆ ಅದು ವರ್ಷದ ಬಹುಪಾಲು ನಡೆದೇ ಇರುತ್ತದೆ. ಹಸು, ನಾಯಿಗಳಲ್ಲಿ ಅಂಡ ತನ್ನ ಕಾಲಕ್ಕೆ ತಾನೇ ಬಿಡುಗಡೆಯಾಗುತ್ತದೆ. ಬೆಕ್ಕಿನಲ್ಲಿ ಕೂಡುವಿಕೆಯೇ ಅಂಡದ ಬಿಡುಗಡೆಗೆ ಪ್ರಚೋದನೆ, ಹಾಗಾಗಿ ಕೂಡಿದ ಬೆಕ್ಕು ಗಬ್ಬವಾಗದೆ ಉಳಿಯುವುದು ಕಡಿಮೆ. ಗರ್ಭದ ಅವಧಿ ಒಂಬತ್ತು ವಾರ. ಈ ತಿಂಗಳು ಎಚ್ಚರ ತಪ್ಪಿದರೆ ಆಷಾಢದ ಹೊತ್ತಿಗೆ ನಿಮ್ಮ ಮನೆಯಲ್ಲಿ ಇನ್ನೊಂದು ಹಿಂಡು ಇರುತ್ತದೆ, ಮತ್ತು ಹಾಲು ಕುಡಿಸಿ ಸೊರಗಿರುವ ಚಿನ್ನಿಯ ದೇಹಕ್ಕೆ ಅದು ದೊಡ್ಡ ಹೊರೆ.

ಆದ್ದರಿಂದ ಇವತ್ತೇ ಮಾಡಬೇಕಾದದ್ದು ಇದು. ತಾಯಿ ಮತ್ತು ಮರಿಗಳನ್ನು ಒಂದು ಕೋಣೆಗೆ ಸೇರಿಸಿ, ಕಿಟಕಿಗೆ ಗಟ್ಟಿ ಜಾಲರಿ ಹೊಡೆಸಿ. ಸೊಳ್ಳೆಪರದೆಯಂಥ ತೆಳು ಬಲೆ ಗಂಡುಬೆಕ್ಕಿನ ಉಗುರಿಗೆ ನಿಲ್ಲುವುದಿಲ್ಲ. ಮರಿಗಳ ದೃಷ್ಟಿಯಿಂದಲೂ ಇದು ಬೇಕು. ಗಂಡುಬೆಕ್ಕು ಪುಟ್ಟ ಮರಿಗಳನ್ನು ಕೊಂದುಹಾಕುತ್ತದೆ ಎಂದು ಹಿರಿಯರು ಹೇಳುವುದರಲ್ಲಿ ಸತ್ಯವಿದೆ. ಎಲ್ಲ ಗಂಡುಬೆಕ್ಕುಗಳೂ ಹಾಗೆ ಮಾಡುವುದಿಲ್ಲ, ಆದರೆ ಸತ್ತ ಮರಿಗಳನ್ನು ತಂದು ತೋರಿಸಿದವರನ್ನು ನಾನು ಚಿಕಿತ್ಸಾಲಯದಲ್ಲಿ ಕಂಡಿದ್ದೇನೆ. ಬೆಕ್ಕು ಮರಿಗಳನ್ನು ಕಚ್ಚಿಕೊಂಡು ಏಳು ಮನೆ ಸುತ್ತಿಸುತ್ತದೆ ಎಂಬ ಮಾತಿದೆಯಲ್ಲ, ಅದಕ್ಕೂ ಇಂಥ ಭಯವೇ ಕಾರಣ. ಏಳರ ಲೆಕ್ಕವೇನೂ ಇಲ್ಲ. ಜನರ ಓಡಾಟ, ಬೆಳಕು, ಚಿಗಟ, ಅಪರಿಚಿತ ಬೆಕ್ಕಿನ ವಾಸನೆ ಇವುಗಳಲ್ಲಿ ಒಂದಿದ್ದರೂ ತಾಯಿ ಜಾಗ ಬದಲಿಸುತ್ತದೆ. ಕತ್ತಲೆಯ, ಸದ್ದಿಲ್ಲದ ಮೂಲೆ ಕೊಟ್ಟರೆ ಅಲ್ಲಿಯೇ ಉಳಿಯುತ್ತದೆ.

ಇನ್ನು ತಂದೆ ಯಾರು ಎಂಬ ವಿಷಯ. ಕೆಂಚು ಮರಿಗಳೇ ಸಾಕ್ಷಿ ಎಂದು ನೀವು ನಂಬಿದ್ದೀರಿ. ಬೆಕ್ಕುಗಳ ಬಣ್ಣದ ವಂಶವಾಹಿ ತಿಳಿದವರು ನಿಮ್ಮ ಪತ್ರ ಓದಿದರೆ ಬೇರೆಯದನ್ನೇ ಹೇಳುತ್ತಾರೆ. ಕೆಂಚು ಬಣ್ಣವನ್ನು ಕೊಡುವ ವಂಶವಾಹಿ ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡುಮರಿಗೆ ತಾಯಿಯಿಂದ ಎಕ್ಸ್, ತಂದೆಯಿಂದ ವೈ ಬರುತ್ತದೆ. ಎಂದರೆ ಗಂಡುಮರಿ ಕೆಂಚಾಗುವುದು ತಾಯಿಯ ಕೊಡುಗೆಯಿಂದ, ಅದರಲ್ಲಿ ತಂದೆಯ ಪಾತ್ರವಿಲ್ಲ. ನಿಮ್ಮ ಚಿನ್ನಿ ಮೂರು ಬಣ್ಣದ್ದು, ಅದರ ಒಂದು ಎಕ್ಸ್‌ನಲ್ಲಿ ಕೆಂಚು ಇದೆ, ಇನ್ನೊಂದರಲ್ಲಿ ಇಲ್ಲ. ತಂದೆ ಕಪ್ಪು ಬೆಕ್ಕಾಗಿದ್ದರೂ ಆ ಎರಡು ಗಂಡುಮರಿಗಳು ಕೆಂಚೇ ಆಗಬಹುದಿತ್ತು.

ಹೆಚ್ಚು ಹೇಳುವುದು ನಿಮ್ಮ ಬೂದುಪಟ್ಟೆಯ ಹೆಣ್ಣುಮರಿ. ತಂದೆ ಕೆಂಚಾಗಿದ್ದರೆ ಅವನ ಒಂದೇ ಎಕ್ಸ್ ಪ್ರತಿ ಹೆಣ್ಣುಮರಿಗೂ ಬಂದೇ ಬರುತ್ತದೆ, ಆ ಮರಿ ಪೂರ್ತಿ ಕೆಂಚೋ ಮೈಮೇಲೆ ಕೆಂಚು ಮಚ್ಚೆಗಳಿರುವ ಮಿಶ್ರವೋ ಆಗಿರಬೇಕು. ಮೈಯೆಲ್ಲ ಹುಡುಕಿದರೂ ಒಂದು ಕೆಂಚು ಮಚ್ಚೆ ಸಿಗದಿದ್ದರೆ, ಆ ಮರಿಯ ತಂದೆ ಪಕ್ಕದ ಮನೆಯ ಬೆಕ್ಕಲ್ಲ. ಒಂದೆರಡು ಎಚ್ಚರಿಕೆ: ಸಣ್ಣ ಮಚ್ಚೆ ತುಪ್ಪಳದಲ್ಲಿ ಅಡಗಿರಬಹುದು, ಮತ್ತು ಮೂರು ವಾರದ ಮರಿಗಳಲ್ಲಿ ಗಂಡು ಹೆಣ್ಣು ಗುರುತಿಸುವಾಗ ಅನುಭವಿಗಳೂ ತಪ್ಪುವುದುಂಟು. ಎಂಟು ವಾರಕ್ಕೆ ಇನ್ನೊಮ್ಮೆ ನೋಡಿಸಿ. ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ತಂದೆಯರಿರುವುದು ಬೆಕ್ಕುಗಳಲ್ಲಿ ಅಪರೂಪವೇನಲ್ಲ. ಬೆದೆಯ ದಿನಗಳಲ್ಲಿ ತಾರಸಿಗೆ ಬಿಟ್ಟ ಬೆಕ್ಕಿನ ಬಳಿ ಬರುವ ಗಂಡುಗಳಲ್ಲಿ ನಿಮ್ಮ ಕಣ್ಣಿಗೆ ಬಿದ್ದದ್ದು ಒಂದು, ಬೀಳದವು ಎಷ್ಟೋ. ಡಿಎನ್‌ಎ ಪರೀಕ್ಷೆಯಿಂದ ತಂದೆಯನ್ನು ಪತ್ತೆಹಚ್ಚಲು ಸಾಧ್ಯವಿದೆ. ಅದಕ್ಕೆ ಆ ಗಂಡುಬೆಕ್ಕಿನ ಮಾದರಿಯೂ ಬೇಕು, ಅದರ ಮನೆಯವರ ಒಪ್ಪಿಗೆಯೂ ಬೇಕು. ಆ ದುಡ್ಡಿನಲ್ಲಿ ಚಿನ್ನಿಯ ಶಸ್ತ್ರಚಿಕಿತ್ಸೆ ಮಾಡಿಸುವುದು ಎಷ್ಟೋ ಮೇಲು.

ತಂದೆ ಯಾರೆಂದು ಖಚಿತವಾದರೂ ಖರ್ಚಿನ ಹೊಣೆ ಅತ್ತ ಸರಿಯುವುದಿಲ್ಲ. ಗಂಡುಬೆಕ್ಕನ್ನು ಸಾಕಿದವರು ಮರಿಗಳ ಖರ್ಚು ಕೊಡಬೇಕು ಎಂಬ ಕಾನೂನು ನಮ್ಮಲ್ಲಿಲ್ಲ. ನಮ್ಮ ಹಳ್ಳಿಗಳ ರೂಢಿಯೂ ತಾಯಿಯ ಕಡೆಗೇ ಇದೆ. ದೇವರ ಹೆಸರಿನಲ್ಲಿ ಬಿಟ್ಟ ಬಸವ ಊರೆಲ್ಲ ತಿರುಗುತ್ತದೆ, ಕರು ಮಾತ್ರ ಹಸುವಿನ ಮನೆಯವರದು. ಬಸವನ ಲೆಕ್ಕ ಯಾರೂ ಕೇಳಿದವರಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 163ನೇ ಕಲಮಿನಲ್ಲಿಯೂ ಇಂಥದೇ ಒಂದು ಉದಾಹರಣೆಯಿದೆ: ನೋಡಿಕೊಳ್ಳಲೆಂದು ಒಬ್ಬರ ಬಳಿ ಬಿಟ್ಟ ಹಸು ಅಲ್ಲಿ ಕರು ಹಾಕಿದರೆ, ಹಸುವಿನ ಜೊತೆ ಕರುವನ್ನೂ ಒಡೆಯನಿಗೆ ಒಪ್ಪಿಸಬೇಕು. ನಾನು ವಕೀಲನಲ್ಲ, ಬೆಕ್ಕಿನ ಜಗಳಕ್ಕೆ ಆ ಕಲಮು ನೇರವಾಗಿ ಬರುವುದೂ ಇಲ್ಲ. ಮರಿ ತಾಯಿಯ ಒಡೆಯರದು ಎಂಬ ತಿಳಿವಳಿಕೆ ಎಷ್ಟು ಹಳೆಯದು ಎಂಬುದಕ್ಕಾಗಿ ಹೇಳಿದೆ. ನೇರವಾಗಿ ಅನ್ವಯಿಸುವುದು 1960ರ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಕಾಯ್ದೆಯ 3ನೇ ಕಲಮು. ಯಾವ ಪ್ರಾಣಿ ಯಾರ ಸುಪರ್ದಿಯಲ್ಲಿದೆಯೋ ಅದರ ಯೋಗಕ್ಷೇಮಕ್ಕೆ ಅವರು ತಕ್ಕ ಕ್ರಮ ಕೈಗೊಳ್ಳಬೇಕು ಎನ್ನುತ್ತದೆ ಅದು. ಮರಿಗಳು ನಿಮ್ಮ ಮನೆಯಲ್ಲಿವೆ, ಅವುಗಳ ಹೊಣೆ ನಿಮ್ಮದು. ಹೇಳಲು ನನಗೂ ಕಷ್ಟವೇ, ಆದರೆ ಬೆದೆಗೆ ಬಂದ ಬೆಕ್ಕನ್ನು ಶಸ್ತ್ರಚಿಕಿತ್ಸೆಯಿಲ್ಲದೆ ತಾರಸಿಗೆ ಬಿಟ್ಟ ರಾತ್ರಿಯೇ ಆ ಹೊಣೆ ನಿಮ್ಮ ಪಾಲಿಗೆ ಬಂದಿದೆ.

ಹಾಗೆಂದು ನಿಮ್ಮ ನೆರೆಯವರು ಪೂರ್ತಿ ಪಾರಾದರು ಎಂದು ನಾನು ಹೇಳುವುದಿಲ್ಲ. ಅವರ ಬೆಕ್ಕಿನ ಯೋಗಕ್ಷೇಮ ಅವರ ಹೊಣೆ, ಮತ್ತು ಬೀಜ ತೆಗೆಸದ ಗಂಡುಬೆಕ್ಕನ್ನು ಬೀದಿಗೆ ಬಿಡುವುದು ಯೋಗಕ್ಷೇಮದ ಲಕ್ಷಣವಲ್ಲ. ಅವರೊಡನೆ ಹೇಗೆ ಮಾತಾಡಬೇಕು ಎಂಬುದನ್ನು ಮುಂದೆ ಹೇಳುತ್ತೇನೆ.

ಅದಕ್ಕೆ ಮೊದಲು ನಿಮ್ಮ ಯಜಮಾನರ ಸಲಹೆ. ದಯವಿಟ್ಟು ಅದನ್ನು ಕೈಬಿಡಿ. ಮೂರು ವಾರದ ಮರಿ ತಾಯಿಯ ಹಾಲಿಲ್ಲದೆ, ತಾಯಿಯ ಮೈಬಿಸಿಯಿಲ್ಲದೆ ಬದುಕುವುದಿಲ್ಲ. ಕಾಂಪೌಂಡಿನೊಳಗೆ ಬಿಟ್ಟ ಮರಿಗಳನ್ನು ಒಂದೋ ಚಿನ್ನಿಯೇ ಹುಡುಕಿ ಕಚ್ಚಿ ತರುತ್ತದೆ, ಇಲ್ಲವೇ ಅವು ರಾತ್ರಿ ಚಳಿಗೋ ಗಂಡುಬೆಕ್ಕಿಗೋ ನಾಯಿಗೋ ಬಲಿಯಾಗುತ್ತವೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು ಅದೇ 1960ರ ಕಾಯ್ದೆಯ 11ನೇ ಕಲಮಿನಡಿ ಅಪರಾಧ. ಮೊದಲ ಸಲದ ದಂಡ ಐವತ್ತು ರೂಪಾಯಿ ದಾಟದು ಎಂಬುದು ಆ ಕಾಯ್ದೆಯ ದೊಡ್ಡ ಕೊರತೆ, ಆದರೂ ಅಪರಾಧ ಅಪರಾಧವೇ. ಚೀಲದಲ್ಲಿ ಹಾಕಿ ಮಾರುಕಟ್ಟೆಯಲ್ಲೋ ದೇವಸ್ಥಾನದ ಬಳಿಯೋ ಬಿಡುವವರೂ ಇದ್ದಾರೆ. ಅಲ್ಲಿ ಯಾರೋ ಊಟ ಹಾಕುತ್ತಾರೆ ಎಂಬ ಸಮಾಧಾನ ಬಿಟ್ಟವರಿಗೆ ಮಾತ್ರ. ಆ ಗಂಡುಬೆಕ್ಕನ್ನೇ ಹಿಡಿದು ದೂರ ಬಿಟ್ಟರೆ ಎಂಬ ಯೋಚನೆಯೂ ಕೆಲವರಿಗೆ ಬರುತ್ತದೆ. ಒಂದು ಗಂಡು ಹೋದ ಜಾಗಕ್ಕೆ ಇನ್ನೊಂದು ಬರುತ್ತದೆ, ಬೆದೆಯ ಕೂಗು ಅದನ್ನು ಕರೆಯುತ್ತದೆ. ಕೋಪದಲ್ಲಿ ಯಾರಾದರೂ ವಿಷ ಹಾಕಿದರೆ ಅದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಾಗಬಹುದಾದ ಅಪರಾಧ.

ಈಗ ಚಿನ್ನಿಯ ಊಟ. ನಿಮ್ಮ ಮನೆಯ ಆಹಾರಪದ್ಧತಿಯನ್ನು ನಾನು ಗೌರವಿಸುತ್ತೇನೆ, ಆದರೆ ಬೆಕ್ಕಿನ ದೇಹಕ್ಕೆ ಆ ಆಯ್ಕೆಯಿಲ್ಲ. ಅದಕ್ಕೆ ಬೇಕಾದ ಟಾರಿನ್ ಎಂಬ ಪೋಷಕಾಂಶ ಮಾಂಸ, ಮೀನುಗಳಲ್ಲಿದೆ, ಅನ್ನದಲ್ಲಿಲ್ಲ. ಅದು ಕಡಿಮೆಯಾದರೆ ಕಣ್ಣು, ಹೃದಯ ಕೆಡುತ್ತವೆ. ನಾಲ್ಕು ಮರಿಗಳಿಗೆ ಹಾಲೂಡುವ ತಾಯಿಗೆ ಸಾಮಾನ್ಯ ದಿನಗಳ ಎರಡರಿಂದ ಮೂರು ಪಟ್ಟು ಆಹಾರ ಬೇಕು. ಮೊಸರನ್ನದಿಂದ ಹೊಟ್ಟೆ ತುಂಬುತ್ತದೆಯೇ ಹೊರತು ಮೈ ತುಂಬುವುದಿಲ್ಲ. ಮನೆಯಲ್ಲಿ ಮಾಂಸ ಬೇಯಿಸಲಾಗದಿದ್ದರೆ ಮರಿಬೆಕ್ಕುಗಳಿಗೆಂದೇ ಮಾಡಿದ ಪ್ಯಾಕೆಟ್ ಆಹಾರವನ್ನು ತಾಯಿಗೂ ಕೊಡಿ. ಅದೇ ಆಹಾರವನ್ನು ನಾಲ್ಕನೆಯ ವಾರದಿಂದ ಬಿಸಿನೀರಿನಲ್ಲಿ ನೆನೆಸಿ ಮೆತ್ತಗೆ ಮಾಡಿ ಮರಿಗಳ ಮುಂದಿಡಬಹುದು. ಹಸುವಿನ ಹಾಲು ಬೇಡ, ಭೇದಿಯಾಗುತ್ತದೆ, ಮತ್ತು ಅಷ್ಟು ಪುಟ್ಟ ಮೈ ಒಂದು ದಿನದ ಭೇದಿಯನ್ನೂ ತಡೆಯದು. ತಾಯಿಯ ಕಾಲುಗಳು ಸೆಟೆದುಕೊಂಡರೆ, ಮೈ ನಡುಗಿದರೆ, ಕೆಚ್ಚಲಿನ ಒಂದು ಭಾಗ ಬಿಸಿಯಾಗಿ ಗಟ್ಟಿಯಾದರೆ ಬೆಳಗಾಗುವವರೆಗೆ ಕಾಯದೆ ವೈದ್ಯರ ಬಳಿಗೆ ಹೋಗಿ.

ಮರಿಗಳಿಗೆ ಜಂತುಹುಳುವಿನ ಔಷಧಿ ಮೂರನೆಯ ವಾರದಿಂದಲೇ ಆರಂಭ, ಏಕೆಂದರೆ ಹುಳು ತಾಯಿಯ ಹಾಲಿನ ಮೂಲಕವೇ ಬರುತ್ತದೆ. ಎರಡು ವಾರಕ್ಕೊಮ್ಮೆ ಮತ್ತೆ ಕೊಡಬೇಕು, ತೂಕ ನೋಡಿ. ಚಿಗಟಗಳನ್ನು ಸಣ್ಣ ಹಲ್ಲಿನ ಬಾಚಣಿಗೆಯಿಂದ ತೆಗೆಯಿರಿ. ನಾಯಿಗೆ ಹಾಕುವ ಪುಡಿಯನ್ನೋ ಹನಿಯನ್ನೋ ಬೆಕ್ಕಿಗೆ ಬಳಸಲೇಬೇಡಿ, ಅದರಲ್ಲಿರುವ ಪರ್ಮೆಥ್ರಿನ್ ಬೆಕ್ಕನ್ನು ಕೊಲ್ಲುತ್ತದೆ. ಜ್ವರಕ್ಕೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡುವುದೂ ಅಷ್ಟೇ ಅಪಾಯ. ಲಸಿಕೆ ಎಂಟು ವಾರದ ಸುಮಾರಿಗೆ ಮೊದಲಾಗಿ, ಮೂರು ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದವರೆಗೆ ನಡೆಯುತ್ತದೆ, ರೇಬೀಸ್ ಲಸಿಕೆ ಮೂರು ತಿಂಗಳಿಗೆ.

ಶಸ್ತ್ರಚಿಕಿತ್ಸೆಯ ಬಗ್ಗೆ ನಿಮ್ಮ ಅತ್ತೆಯವರ ಮಾತು ಅವರೊಬ್ಬರದೇ ಅಲ್ಲ, ಓದಿದವರೂ ಇದನ್ನೇ ಹೇಳುವುದನ್ನು ಕೇಳಿದ್ದೇನೆ. ಒಂದು ಸಲ ತಾಯಿಯಾಗಬೇಕು ಎಂಬುದು ಮನುಷ್ಯರು ಬೆಕ್ಕಿಗೆ ಹಚ್ಚಿದ ಆಸೆ. ಅದರಿಂದ ಬೆಕ್ಕಿನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ, ನಷ್ಟವೇ ಇದೆ. ಬೆಕ್ಕುಗಳ ಕೆಚ್ಚಲಿನ ಗಡ್ಡೆಗಳಲ್ಲಿ ಹೆಚ್ಚಿನವು ಕ್ಯಾನ್ಸರ್. ಆರು ತಿಂಗಳೊಳಗೆ ಅಂಡಾಶಯ ತೆಗೆಸಿದ ಬೆಕ್ಕುಗಳಲ್ಲಿ ಅವು ಬಹಳ ಕಡಿಮೆ. ಚಿನ್ನಿಗೆ ಆ ಗಡಿ ದಾಟಿದೆ, ಆದರೂ ತಡವಾಗಿಲ್ಲ: ಗರ್ಭಕೋಶದಲ್ಲಿ ಕೀವು ತುಂಬುವ ಅಪಾಯವನ್ನು ಶಸ್ತ್ರಚಿಕಿತ್ಸೆ ಯಾವ ವಯಸ್ಸಿನಲ್ಲಾದರೂ ತಪ್ಪಿಸುತ್ತದೆ.

ನೀವು ಕೇಳಿದ ಚುಚ್ಚುಮದ್ದಿನ ವಿಷಯದಲ್ಲಿ ನನ್ನ ಅಭಿಪ್ರಾಯ ಕಟುವಾದದ್ದು. ಅದು ಪ್ರೊಜೆಸ್ಟೆರಾನ್ ಜಾತಿಯ ಹಾರ್ಮೋನು. ಒಂದೆರಡು ಬೆದೆ ನಿಲ್ಲುತ್ತದೆ ನಿಜ. ಜೊತೆಗೆ ಗರ್ಭಕೋಶದ ಕೀವು, ಕೆಚ್ಚಲು ವಿಪರೀತ ಊದುವುದು, ಸಕ್ಕರೆ ಕಾಯಿಲೆ ಇವುಗಳ ಅಪಾಯವನ್ನೂ ತರುತ್ತದೆ. ಅಗ್ಗವೆಂದು ಅದನ್ನು ವರ್ಷಗಟ್ಟಲೆ ಹಾಕಿಸಿ, ಕೊನೆಗೆ ಕೀವಿನಿಂದ ಹೊಟ್ಟೆ ಉಬ್ಬಿದ ಬೆಕ್ಕನ್ನು ತುರ್ತು ಶಸ್ತ್ರಚಿಕಿತ್ಸೆಗೆ ತರುವವರನ್ನು ಕಂಡು ನನಗೆ ಬಹಳ ಸಂಕಟವಾಗಿದೆ. ಉಳಿಸಿದ್ದಕ್ಕಿಂತ ಎಷ್ಟೋ ಹೆಚ್ಚು ಖರ್ಚಾಗುತ್ತದೆ, ಬೆಕ್ಕು ಉಳಿಯುತ್ತದೆ ಎಂಬ ಭರವಸೆಯೂ ಇರುವುದಿಲ್ಲ.

ಚಿನ್ನಿಗೆ ಶಸ್ತ್ರಚಿಕಿತ್ಸೆ ಯಾವಾಗ? ಮರಿಗಳು ಎಂಟು ವಾರದ ಹೊತ್ತಿಗೆ ತಾವೇ ತಿನ್ನಲು ಕಲಿತು, ಹಾಲು ಇಂಗಿ ಒಂದೆರಡು ವಾರವಾದರೆ ಒಳ್ಳೆಯ ಸಮಯ. ಅಲ್ಲಿಯವರೆಗೆ ಒಳಗಿಟ್ಟುಕೊಳ್ಳಲು ಆಗುವುದೇ ಇಲ್ಲ ಎಂದಾದರೆ ಮರಿಗಳಿಗೆ ಆರು ವಾರವಾದಾಗಲೂ ಮಾಡಬಹುದು. ಆಗ ಕೆಚ್ಚಲಿನ ಗೊಡವೆಯಿಲ್ಲದಂತೆ ಹೊಟ್ಟೆಯ ಬದಲು ಪಕ್ಕೆಯಲ್ಲಿ ಕೊಯ್ಯುತ್ತೇವೆ, ಅರಿವಳಿಕೆ ಪೂರ್ತಿ ಇಳಿದ ಮೇಲೆ ತಾಯಿ ಮರಿಗಳ ಬಳಿಗೆ ಮರಳಬಹುದು. ಯಾವ ಅರಿವಳಿಕೆಯಲ್ಲೂ ಅಪಾಯ ಸ್ವಲ್ಪ ಇದ್ದೇ ಇದೆ. ಬೆಕ್ಕು ಸೊರಗಿದ್ದರೆ ಅದು ಹೆಚ್ಚು, ಊಟದ ಬಗ್ಗೆ ಅಷ್ಟು ಒತ್ತಿ ಹೇಳಿದ್ದಕ್ಕೆ ಇದೂ ಒಂದು ಕಾರಣ. ಹೊಲಿಗೆ ನೆಕ್ಕದಂತೆ ಸುಮಾರು ಹತ್ತು ದಿನ ಕೊರಳಪಟ್ಟಿ ಹಾಕಬೇಕು. ಆಮೇಲೆ ಬೆಕ್ಕು ದಪ್ಪವಾಗುತ್ತದೆ ಎಂಬುದು ಅರ್ಧ ನಿಜ, ಹಸಿವು ಹೆಚ್ಚಿ ಖರ್ಚಾಗುವ ಶಕ್ತಿ ಕಡಿಮೆಯಾಗುತ್ತದೆ, ಅಳತೆ ಮಾಡಿ ಹಾಕಿದರೆ ಆಯಿತು. ಇಲಿ ಹಿಡಿಯುವುದು ನಿಲ್ಲುತ್ತದೆ ಎಂಬುದು ಸುಳ್ಳು. ಬೆಂಗಳೂರಿನ ಹೆಬ್ಬಾಳ, ಹಾಸನ, ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳಲ್ಲಿ ಸಾಕುಪ್ರಾಣಿಗಳನ್ನು ನೋಡುತ್ತಾರೆ, ನಿಮ್ಮ ಊರಿನ ಸರ್ಕಾರಿ ಪಶು ಆಸ್ಪತ್ರೆಯಲ್ಲಿಯೂ ವಿಚಾರಿಸಿ. ಖಾಸಗಿಯಲ್ಲಿ ದರ ಒಂದೊಂದು ಕಡೆ ಒಂದೊಂದು ರೀತಿ, ಮೊದಲೇ ಕೇಳಿ.

ನೆರೆಯವರ ಹತ್ತಿರ ಹೋಗುವಾಗ ಮರಿಗಳ ಬಿಲ್ಲು ಹಿಡಿದು ಹೋಗಬೇಡಿ. ತಂದೆತನ ಸಾಧಿಸಲು ಹೊರಟರೆ ಆ ಬೂದುಪಟ್ಟೆಯ ಮರಿ ನಿಮ್ಮ ವಾದವನ್ನೇ ಕೆಡಿಸುತ್ತದೆ. ಅವರ ಬೆಕ್ಕಿನ ಒಳಿತಿನಿಂದ ಮಾತು ಶುರುಮಾಡಿ. ಬೀಜ ತೆಗೆಸದ ಗಂಡುಬೆಕ್ಕು ಹರಿದ ಕಿವಿ, ಕೆನ್ನೆಯಲ್ಲೋ ಬಾಲದ ಬುಡದಲ್ಲೋ ಕೀವುಗಡ್ಡೆ ಇಟ್ಟುಕೊಂಡು ನಮ್ಮ ಮೇಜಿನ ಮೇಲೆ ಬರುವುದು ಮಾಮೂಲು. ಕಚ್ಚಾಟದಿಂದ ಬೆಕ್ಕಿನ ಏಡ್ಸ್ ಎಂದು ಕರೆಯುವ ವೈರಸ್ ಹರಡುತ್ತದೆ. ಅದು ಮನುಷ್ಯರಿಗೆ ಅಂಟುವುದಿಲ್ಲ, ಬೆಕ್ಕಿಗೆ ಗುಣವೂ ಆಗುವುದಿಲ್ಲ. ಬೆದೆಯ ಕೂಗು ಕೇಳಿ ರಸ್ತೆ ದಾಟುವಾಗ ವಾಹನಕ್ಕೆ ಸಿಕ್ಕುವವೂ ಇವೇ. ಅವರು ಪಾಪವೆಂದು ಹೆದರಿದ್ದಾರೆ, ಆ ಹೆದರಿಕೆ ಪ್ರಾಣಿಯ ಮೇಲಿನ ಪ್ರೀತಿಯಿಂದಲೇ ಬಂದಿದೆ, ಅದನ್ನು ಹಂಗಿಸಬೇಡಿ. ಗಂಡುಬೆಕ್ಕಿನ ಶಸ್ತ್ರಚಿಕಿತ್ಸೆ ಕೆಲವೇ ನಿಮಿಷಗಳದು, ಸಾಮಾನ್ಯವಾಗಿ ಹೊಲಿಗೆಯೂ ಬೇಕಾಗುವುದಿಲ್ಲ, ಸಂಜೆಗೆ ಮನೆಗೆ ಬರುತ್ತದೆ. ಎರಡೂ ಬೆಕ್ಕುಗಳನ್ನು ಒಂದೇ ದಿನ ಕರೆದೊಯ್ಯೋಣ, ಆಟೋ ನಾವು ಮಾಡುತ್ತೇವೆ ಎಂದು ಕೇಳಿ ನೋಡಿ. ಮರಿಗಳ ಖರ್ಚಿನಲ್ಲಿ ಲಸಿಕೆಯದ್ದೋ ಆಹಾರದ್ದೋ ಒಂದು ಪಾಲನ್ನು ಅವರಾಗಿಯೇ ಕೊಟ್ಟರೆ ತೆಗೆದುಕೊಳ್ಳಿ. ಕೊಡದಿದ್ದರೆ ಬಿಡಿ. ಅವರಿಂದ ನಿಮಗೆ ಬೇಕಾಗಿರುವುದು ಆ ಹಣಕ್ಕಿಂತ ಆ ಶಸ್ತ್ರಚಿಕಿತ್ಸೆ. ಒಪ್ಪಿ ಮಾಡಿಸಿದರೂ ಒಂದು ಮಾತು ನೆನಪಿರಲಿ: ಆಮೇಲೂ ಕೆಲವು ವಾರ ಗಂಡುಬೆಕ್ಕಿನಲ್ಲಿ ಜೀವಂತ ವೀರ್ಯಾಣು ಉಳಿದಿರುತ್ತದೆ, ಒಂದೂವರೆ ತಿಂಗಳಾದರೂ ಚಿನ್ನಿಯಿಂದ ದೂರವಿಡಬೇಕು. ಅವರು ಒಪ್ಪದೇ ಹೋದರೂ ಚಿನ್ನಿಯ ಶಸ್ತ್ರಚಿಕಿತ್ಸೆಯಾದರೆ ನಿಮ್ಮ ಮನೆಯ ಸಮಸ್ಯೆ ಮುಗಿಯುತ್ತದೆ, ಬೀದಿಯದು ಮುಗಿಯುವುದಿಲ್ಲ.

ಮರಿಗಳನ್ನು ಕೊಡುವುದು ಎಂಟು ವಾರಕ್ಕೆ ಮೊದಲು ಬೇಡ. ಹತ್ತು, ಹನ್ನೆರಡು ವಾರವಾದರೆ ಇನ್ನೂ ಒಳ್ಳೆಯದು. ಎರಡರಿಂದ ಏಳನೆಯ ವಾರದವರೆಗೆ ಮನುಷ್ಯರ ಕೈಯಲ್ಲಿ ಆಡಿದ ಮರಿ ಜೀವನವಿಡೀ ಸೌಮ್ಯವಾಗಿರುತ್ತದೆ, ಅಂದರೆ ಈಗ ನೀವು ದಿನವೂ ಸ್ವಲ್ಪ ಹೊತ್ತು ಎತ್ತಿ ಆಡಿಸುವುದೇ ಅವುಗಳಿಗೆ ಮನೆ ಹುಡುಕುವ ಮೊದಲ ಕೆಲಸ. ಪ್ರಾಣಿಗಳ ಆಶ್ರಯಕೇಂದ್ರಕ್ಕೆ ಕೊಡುವ ಯೋಚನೆಯಿದ್ದರೆ ಅದು ಕೊನೆಯ ದಾರಿಯಾಗಿರಲಿ. ಅಲ್ಲಿನವರ ಕಾಳಜಿಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಅನೇಕ ಬೆಕ್ಕುಗಳಿರುವ ಕಡೆ ಪ್ಯಾನ್‌ಲ್ಯುಕೋಪೀನಿಯಾ ಎಂಬ ವಾಂತಿ ಭೇದಿಯ ರೋಗ ನುಗ್ಗಿದರೆ ಲಸಿಕೆಯಾಗದ ಮರಿಗಳಲ್ಲಿ ಬಹುಪಾಲು ಸಾಯುತ್ತವೆ, ಮತ್ತು ಆ ವೈರಸ್ ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಪರಿಚಯದ ಮನೆಗಳಿಗೇ ಕೊಡಿ, ಮನೆ ನೋಡಿ ಕೊಡಿ, ಐದು ತಿಂಗಳಾಗುವ ಮೊದಲು ಶಸ್ತ್ರಚಿಕಿತ್ಸೆ ಮಾಡಿಸುತ್ತೇವೆ ಎಂದು ಒಪ್ಪಿದವರಿಗೇ ಕೊಡಿ. ನಾಲ್ಕು ತಿಂಗಳ ಹೆಣ್ಣುಮರಿ ಬೆದೆಗೆ ಬಂದದ್ದನ್ನು ನೋಡಿದ್ದೇನೆ, ಆದ್ದರಿಂದ ಬೂದುಪಟ್ಟೆಯ ಮರಿಯನ್ನು ತೆಗೆದುಕೊಳ್ಳುವವರಿಗೆ ಇದನ್ನು ಎರಡು ಸಲ ಹೇಳಿ. ಒಂದನ್ನು ಇಟ್ಟುಕೊಳ್ಳುವ ಮನಸ್ಸಿದ್ದರೆ ಕೆಂಚು ಗಂಡುಮರಿಗೂ ಇದೇ ನಿಯಮ ಅನ್ವಯಿಸುತ್ತದೆ. ತಾಯಿ, ಅಕ್ಕ, ತಂಗಿ ಎಂಬ ಲೆಕ್ಕ ಬೆಕ್ಕುಗಳಲ್ಲಿಲ್ಲ.

ಮರಿಗಳ ಮೊದಲ ಜಂತುಹುಳುವಿನ ಔಷಧಿಗೆ ಈ ವಾರವೇ ಹೋಗಿ. ಹೋಗುವಾಗ ಚಿನ್ನಿಯನ್ನೂ ಬುಟ್ಟಿಯಲ್ಲಿ ಕರೆದೊಯ್ದು ತೂಕ ಮಾಡಿಸಿ, ರಕ್ತಹೀನತೆ ಇದೆಯೇ ನೋಡಿಸಿ, ಶಸ್ತ್ರಚಿಕಿತ್ಸೆಯ ದಿನಾಂಕವನ್ನು ಬರೆಸಿಕೊಂಡೇ ಬನ್ನಿ.